ಆಟೋಫೋಕಸ್ ಇಲ್ಲದ ಎರಡು ಲೆನ್ಸು

ನನ್ನ ಕ್ಯಾಮೆರಾ ಸೋನಿ 6400. 2019ರ ಮಾಡೆಲ್, ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಎದುರಿಗಿರುವವರ ಕಣ್ಣು ಎಲ್ಲಿದೆ ಅಂತ ತಾನೇ ಹುಡುಕಿ ಫೋಕಸ್ ಮಾಡುವಷ್ಟು ಜಾಣ. ನಾಯಿ, ಬೆಕ್ಕಿನ ಕಣ್ಣನ್ನೂ ಬಿಡುವುದಿಲ್ಲ. ಆದರೆ ಎರಡು ವರ್ಷದಿಂದ ಈ ಜಾಣನ ಮುಂದೆ ಕೂತಿರುವುದು ನನಗಿಂತ ವಯಸ್ಸಿನಲ್ಲಿ ದೊಡ್ಡದಾದ ಒಂದು ಪೆಂಟಾಕ್ಸ್ 50 ಎಂಎಂ ಲೆನ್ಸು. ಅದರಲ್ಲಿ ಮೋಟರ್ ಇಲ್ಲ, ಚಿಪ್ ಇಲ್ಲ. ಗಾಜು, ಲೋಹ, ಒಂದಿಷ್ಟು ಗ್ರೀಸು, ಅಷ್ಟೇ. ತನ್ನ ಹೆಸರನ್ನೂ ಹೇಳಲು ಬಾರದ ಇದನ್ನು ಕ್ಯಾಮೆರಾ ಲೆನ್ಸ್ ಅಂತಲೇ ಒಪ್ಪುವುದಿಲ್ಲ. ಮೆನುವಿನಲ್ಲಿ ಹುಡುಕಿ 'ರಿಲೀಸ್ ವಿತೌಟ್ ಲೆನ್ಸ್' ಅನ್ನೋದನ್ನು ಆನ್ ಮಾಡಿದ ಮೇಲೇ ಶಟರ್ ಬೀಳೋದು. ಅಂದರೆ ನಮ್ಮ ಮನೆಯ ಲೆನ್ಸು ಸೋನಿಯವರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಆಫೀಸಿನಲ್ಲಿ ನೋಡಿದವರೆಲ್ಲ ಕೇಳೋದು ಒಂದೇ ಪ್ರಶ್ನೆ: ಜೇಬಿನಲ್ಲಿರೋ ಫೋನಿನಲ್ಲೇ ಪೋರ್ಟ್ರೇಟ್ ಮೋಡ್ ಇರುವಾಗ ಈ ತಿರುಗಿಸೋ ಕೆಲಸ ಯಾಕೆ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಶುರುವಾಗಿದ್ದು ದುಡ್ಡಿನ ಕಾರಣಕ್ಕೆ. ನಮ್ಮ ಕ್ಷೇತ್ರ ಈಚೆಗೆ ಹೇಗಿದೆ ಅಂತ ನಿಮಗೆ ಗೊತ್ತಲ್ಲ. ನಮ್ಮ ಟೀಮಿನಲ್ಲಿ ಹನ್ನೊಂದು ಜನ ಇದ್ದೆವು, ಒಂದು ಶುಕ್ರವಾರ ಏಳು ಜನ ಆದೆವು. ಆ ಏಳರಲ್ಲಿ ನಾನಿದ್ದೆ, ಆದರೆ ಹೊಸ ಲೆನ್ಸಿಗೆ ಇಎಂಐ ಹಾಕುವ ಧೈರ್ಯ ಉಳಿದಿರಲಿಲ್ಲ. ಆಗ ನೆನಪಾಗಿದ್ದು ಸಾಗರದ ಮನೆಯ ಕಬ್ಬಿಣದ ಬೀರು.

ನಮ್ಮ ಅಪ್ಪಯ್ಯ ಸಾಗರದ ಪೇಟೆಯಲ್ಲಿ ಸ್ಟುಡಿಯೊ ಇಟ್ಟಿದ್ದವರು. ಮದುವೆ, ಉಪನಯನ, ಪಾಸ್‌ಪೋರ್ಟ್ ಫೋಟೊ, ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಅವರ ಕ್ಯಾಮೆರಾ ಪೆಂಟಾಕ್ಸ್ ಕೆ1000, ದುಬೈನಲ್ಲಿದ್ದ ಪರಿಚಯದವರ ಕೈಲಿ ತರಿಸಿದ್ದು. ಈ ಕೆ1000 ಅನ್ನೋದು 1976ರಿಂದ 1997ರವರೆಗೆ ತಯಾರಾದ ಗಟ್ಟಿ ಪಿಂಡ. ಬ್ಯಾಟರಿ ಬೇಕಾಗೋದು ಲೈಟ್ ಮೀಟರಿಗೆ ಮಾತ್ರ. ಬ್ಯಾಟರಿ ಸತ್ತರೂ ಶಟರ್ ನಡೆಯುತ್ತದೆ. ಸ್ಟುಡಿಯೊ ಮುಚ್ಚಿದ್ದು ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ. ಅವತ್ತು ಬೀರು ಸೇರಿದ ಕ್ಯಾಮೆರಾ ಮತ್ತೆ ಹೊರಗೆ ಬಂದಿರಲಿಲ್ಲ. ನಾನು ಸೋನಿ ತಗೊಂಡು ಹೋಗಿ ತೋರಿಸಿದಾಗಲೂ ಅಪ್ಪಯ್ಯ ಕೈಗೆ ತಗೊಳ್ಳಲಿಲ್ಲ. "ಅದೇ ಎಲ್ಲ ಮಾಡ್ಕಳತ್ತಲ್ಲ ಮಾರಾಯ, ನಂಗೇನು ಕೆಲ್ಸ ಅಲ್ಲಿ?" ಅಂದಿದ್ದರು.

ಬೀರುವಿನಿಂದ ಲೆನ್ಸ್ ತೆಗೆದು ಫೋನಿನ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಜೇಡರ ಬಲೆ. ಜೇಡರದ್ದಲ್ಲ, ಫಂಗಸ್. ಮಲೆನಾಡಿನ ಮಳೆಗೆ ಬಟ್ಟೆ, ಪುಸ್ತಕ, ಚಪ್ಪಲಿ ಯಾವುದೂ ಉಳಿಯೋದಿಲ್ಲ, ಲೆನ್ಸ್ ಯಾವ ಲೆಕ್ಕ? ಅದರಲ್ಲೂ ಜೋಪಾನವಾಗಿರಲಿ ಅಂತ ಚರ್ಮದ ಕೇಸಿನೊಳಗೆ ಇಡುತ್ತೇವಲ್ಲ, ಆ ಚರ್ಮವೇ ತೇವ ಹಿಡಿದಿಟ್ಟು ಫಂಗಸ್ಸಿಗೆ ಊಟ ಹಾಕುತ್ತದೆ. ಬೆಂಗಳೂರಿನ ಒಬ್ಬ ಹಳೇ ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟರು. ಫಂಗಸ್ ಹೋಯಿತು, ಆದರೆ ಅದು ಗಾಜಿನ ಮೇಲಿನ ಕೋಟಿಂಗನ್ನು ಒಂದೆರಡು ಕಡೆ ತಿಂದ ಗುರುತು ಉಳಿದಿದೆ. ಬೆಳಕಿಗೆ ಎದುರಾಗಿ ತೆಗೆದರೆ ಚಿತ್ರ ಸ್ವಲ್ಪ ಹಾಲು ಬೆರೆಸಿದ ಹಾಗೆ ಬರುತ್ತದೆ. ಹಳೇ ಲೆನ್ಸ್ ಕೊಳ್ಳೋರು ದಯವಿಟ್ಟು ಈ ಟಾರ್ಚ್ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಒಳಗಿನ ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳೆಯುತ್ತಿದ್ದರೂ, ಫೋಕಸ್ ರಿಂಗ್ ಮಧ್ಯೆ ಮಧ್ಯೆ ಸಿಕ್ಕಿಕೊಳ್ಳುತ್ತಿದ್ದರೂ ಅದೇ ಮಾತು. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್. ನಮ್ಮೂರಿನವರಾದರೆ ಡ್ರೈ ಕ್ಯಾಬಿನೆಟ್ಟೇ ವಾಸಿ.

ಇನ್ನು ಪೆಂಟಾಕ್ಸ್ ಲೆನ್ಸ್ ಸೋನಿಗೆ ಕೂತಿದ್ದು ಹೇಗೆ? ಇದು ನನಗೆ ಬಹಳ ಇಷ್ಟವಾದ ಭಾಗ, ಯಾಕೆಂದರೆ ಇದು ಬರೀ ಒಂದು ಕಳೆಯುವ ಲೆಕ್ಕ. ಪ್ರತಿ ಕ್ಯಾಮೆರಾದಲ್ಲೂ ಲೆನ್ಸ್ ಕೂರುವ ಬಳೆಗೂ ಫಿಲ್ಮ್ ಅಥವಾ ಸೆನ್ಸರ್‌ಗೂ ನಡುವೆ ನಿಗದಿಯಾದ ಒಂದು ದೂರ ಇರುತ್ತದೆ. ಪೆಂಟಾಕ್ಸಿನಲ್ಲಿ ಅದು 45.46 ಮಿಲಿಮೀಟರ್. ಆ ಜಾಗದಲ್ಲಿ ಕನ್ನಡಿಯೊಂದು ಮೇಲೆ ಕೆಳಗೆ ಹಾರಬೇಕಿತ್ತು, ಅದಕ್ಕೇ ಅಷ್ಟು ಅಗಲ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೇ ಇಲ್ಲ, ಸೋನಿಯಲ್ಲಿ ಈ ದೂರ ಬರೀ 18 ಮಿಲಿಮೀಟರ್. ಕಳೆದರೆ 27.46. ಅಷ್ಟುದ್ದದ ಒಂದು ಖಾಲಿ ಕೊಳವೆ, ಒಂದು ತುದಿಗೆ ಪೆಂಟಾಕ್ಸ್ ಹಲ್ಲು, ಇನ್ನೊಂದು ತುದಿಗೆ ಸೋನಿ ಹಲ್ಲು. ಮುಗಿಯಿತು ಅಡಾಪ್ಟರ್. ಒಳಗೆ ಗಾಜಿಲ್ಲ, ಗಾಳಿ ಮಾತ್ರ. ಇದೇ ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕೋಣ ಅಂದರೆ ಅಲ್ಲಿ ದೂರ 46.5, ಅಂದರೆ ಅಡಾಪ್ಟರಿನ ಉದ್ದ ಮೈನಸ್ ಒಂದು ಮಿಲಿಮೀಟರ್! ಹಾಗಾಗಿ ನಡುವೆ ಬೇರೆ ಗಾಜು ಹಾಕದೆ ದೂರದ ಬೆಟ್ಟ ಎಂದೂ ಸ್ಪಷ್ಟವಾಗದು. ಕನ್ನಡಿ ಹೋದ ಮೇಲೆ ಲೋಕದ ಹಳೇ ಲೆನ್ಸುಗಳಿಗೆಲ್ಲ ಪುನರ್ಜನ್ಮ ಸಿಕ್ಕಿದ್ದು ಹೀಗೆ. ಅಗ್ಗದ ಅಡಾಪ್ಟರುಗಳನ್ನು ಎಷ್ಟೋ ಸಲ ಕೂದಲೆಳೆಯಷ್ಟು ಗಿಡ್ಡವಾಗಿ ಮಾಡಿರುತ್ತಾರೆ. ಹಾಗಿದ್ದರೆ ಲೆನ್ಸಿನ ಮೇಲಿನ ಅನಂತದ ಗುರುತು ಮುಟ್ಟುವ ಮೊದಲೇ ದೂರದ್ದು ಸ್ಪಷ್ಟವಾಗಿಬಿಡುತ್ತದೆ. ನಂದೂ ಹಾಗೇ. ಅಭ್ಯಾಸವಾಗಿದೆ.

ಬಳಸುವಾಗ ಕ್ರಮ ಸರಳ. ಕ್ಯಾಮೆರಾದಲ್ಲಿ ಎ ಮೋಡ್, ಲೆನ್ಸಿನಲ್ಲಿ ಅಪರ್ಚರ್ ರಿಂಗ್ ಎಫ್/2ಗೆ ತೆರೆದು ಫೋಕಸ್ ಮಾಡೋದು, ಆಮೇಲೆ ಬೇಕಾದರೆ ಟಿಕ್ ಟಿಕ್ ಅಂತ ಎಣಿಸಿಕೊಂಡು 4ಕ್ಕೋ 5.6ಕ್ಕೋ ಮುಚ್ಚೋದು. ಬೆರಳಿಗೆ ಎಣಿಕೆ ಬಂದರೆ ಕಣ್ಣು ತೆಗೆಯಬೇಕಿಲ್ಲ. ಕ್ಯಾಮೆರಾದ ಸೆನ್ಸರ್ ಫಿಲ್ಮಿಗಿಂತ ಚಿಕ್ಕದು, ಹಾಗಾಗಿ 50 ಎಂಎಂ ಇಲ್ಲಿ ಕಾಣೋದು 75ರ ಹಾಗೆ. ಮುಖದ ಚಿತ್ರಕ್ಕೆ ಹೇಳಿ ಮಾಡಿಸಿದ್ದು. ನನ್ನ ಕ್ಯಾಮೆರಾದೊಳಗೆ ನಡುಕ ತಡೆಯುವ ವ್ಯವಸ್ಥೆ ಇಲ್ಲವಾದ್ದರಿಂದ ಶಟರ್ 1/100ಕ್ಕಿಂತ ನಿಧಾನ ಆಗದಂತೆ ನೋಡಿಕೊಳ್ಳುತ್ತೇನೆ. ಕಷ್ಟ ಇರೋದು ಫೋಕಸ್ಸಿನಲ್ಲೇ. ಒಂದು ಮೀಟರ್ ದೂರದಲ್ಲಿ ಕೂತವರನ್ನು ಎಫ್/2ರಲ್ಲಿ ತೆಗೆದರೆ ಸ್ಪಷ್ಟವಾಗಿರೋದು ಸುಮಾರು ಮೂರು ಸೆಂಟಿಮೀಟರ್ ಆಳ ಮಾತ್ರ. ಕಣ್ಣು ಸ್ಪಷ್ಟ, ಕಿವಿ ಮಂಜು. ಅವರು ನಕ್ಕು ಮುಂದೆ ಬಾಗಿದರೆ ಕಣ್ಣೂ ಮಂಜು.

ಇದಕ್ಕೆ ಕ್ಯಾಮೆರಾ ಎರಡು ಸಹಾಯ ಕೊಡುತ್ತದೆ. ಒಂದು, ಬಟನ್ ಒತ್ತಿದರೆ ವ್ಯೂಫೈಂಡರಿನಲ್ಲಿ ಚಿತ್ರ ಹಿಗ್ಗಿ ರೆಪ್ಪೆಯ ಕೂದಲು ಕಾಣುತ್ತದೆ. ಇನ್ನೊಂದು ಫೋಕಸ್ ಪೀಕಿಂಗ್. ಸ್ಪಷ್ಟವಾಗಿರುವ ಅಂಚುಗಳ ಮೇಲೆಲ್ಲ ಕೆಂಪು ಗೆರೆ ಎಳೆದು ತೋರಿಸೋದು. ಕಾಲೇಜಿನ ಇಮೇಜ್ ಪ್ರೊಸೆಸಿಂಗ್ ಪೇಪರಿನಲ್ಲಿ ಓದಿದ ಎಡ್ಜ್ ಡಿಟೆಕ್ಷನ್ನೇ ಇದು, ಬೇರೇನಲ್ಲ. ದೂರ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ, ಎಲ್ಲಿ ಕಪ್ಪು ಬಿಳುಪು ಚೂಪಾಗಿ ಬೇರಾಗಿದೆ ಅನ್ನೋದಷ್ಟೇ ಗೊತ್ತು. ನನಗೆ ಆ ಗೆರೆಗಳೆಂದರೆ ಅಷ್ಟಕ್ಕಷ್ಟೇ. ಅಮ್ಮನ ಮುಖದ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿದ ಹಾಗೆ ಕಾಣುತ್ತದೆ.

ಈ ಗೆರೆಯಿಂದಲೇ ಒಂದು ವಿಷಯ ಹೊರಗೆ ಬಿತ್ತು.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಕ್ಯಾಮೆರಾದ ಮುಂದೆ ತಮ್ಮದೇ ಲೆನ್ಸ್ ಕಂಡು ಅಪ್ಪಯ್ಯ ಮೊದಲ ಸಲ ಕೈ ಚಾಚಿದರು. ನಾನೇನೂ ಹೇಳಿಕೊಡಬೇಕಾಗಿ ಬರಲಿಲ್ಲ. ಎಡಗೈ ತಾನಾಗಿ ಲೆನ್ಸಿನ ಕೆಳಗೆ ಹೋಯಿತು, ಹೆಬ್ಬೆರಳು ರಿಂಗಿಗೆ ಬಂತು. ಕೆಂಪು ಗೆರೆ ಏನು ಅಂತ ಕೇಳಿ ತಿಳಿದುಕೊಂಡರು. ಆ ಸಂಜೆ ಇಪ್ಪತ್ತು ಇಪ್ಪತ್ತೈದು ಫೋಟೊ ತೆಗೆದರು. ಕಾವಲಿ ಮುಂದೆ ಅಮ್ಮ, ಅಂಗಳದ ಹಣತೆ, ಪಕ್ಕದ ಮನೆ ಹುಡುಗಿಯ ಸುರ್‌ಸುರ್‌ಬತ್ತಿ. ಒಂದೂ ತಪ್ಪಿಲ್ಲ, ಎಲ್ಲ ಸೂಜಿಯಷ್ಟು ಸ್ಪಷ್ಟ. ಅಮ್ಮ ನನಗೆ ಕಣ್ಣು ಮಿಟುಕಿಸಿದಳು. ಇಷ್ಟು ವರ್ಷ 'ಇಂಟರೆಸ್ಟ್ ಇಲ್ಲ' ಅಂದವರು ಅಂತ.

ಮರುದಿನ ಬೆಳಿಗ್ಗೆ ನಾನು ಇಬ್ಬನಿ ತೆಗೆಯಲು ಹೋಗಿ ಪೀಕಿಂಗ್ ಆಫ್ ಮಾಡಿದ್ದೆ. ಬಂದು ಅವರ ಕೈಗೆ ಕೊಟ್ಟೆ. ಎರಡು ನಿಮಿಷ ರಿಂಗನ್ನು ಆ ಕಡೆ ಈ ಕಡೆ ತಿರುಗಿಸಿ ವಾಪಸ್ ಕೊಟ್ಟರು.

"ಏನೋ ಆಗಿದೆ ಇದಕ್ಕೆ. ಗೆರೆ ಬರ್ತಾ ಇಲ್ಲ."

"ಗೆರೆ ಯಾಕೆ ಅಪ್ಪಯ್ಯ? ಚಿತ್ರ ನೋಡ್ಕಂಡು ತಿರುಗ್ಸು. ನಿಂಗೆ ಅಭ್ಯಾಸ ಇರೋದೇ ಅಲ್ವಾ ಅದು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ಚಿತ್ರ ಎಲ್ಲಿ ಕಾಣ್ತದೆ. ಬರೀ ಮಂಜು. ಗೆರೆ ಕೆಂಪಗಿರತ್ತಲ್ಲ, ಅದಷ್ಟೇ ಕಾಣದು."

ಹಿಂದಿನ ದಿನದ ಇಪ್ಪತ್ತೈದು ಫೋಟೊಗಳನ್ನೂ ಅವರು ಚಿತ್ರ ಕಾಣದೆ, ಕೆಂಪು ಗೆರೆ ದಟ್ಟವಾದ ಕಡೆ ನಿಲ್ಲಿಸಿ ತೆಗೆದಿದ್ದರು. ಆಟೋಫೋಕಸ್ ಲೆನ್ಸ್ ಹಾಕಿದ್ದಿದ್ದರೆ ಅವರೂ ಹೇಳುತ್ತಿರಲಿಲ್ಲ, ನಮಗೂ ತಿಳಿಯುತ್ತಿರಲಿಲ್ಲ. ಕ್ಯಾಮೆರಾಕ್ಕೆ ಒತ್ತುವ ಬಲಗಣ್ಣೇ ಹೋಗಿತ್ತು. ಎಡಗಣ್ಣಿನಲ್ಲಿ ಪೇಪರ್ ಓದುತ್ತಿದ್ದರು, ಕತ್ತಲಾದ ಮೇಲೆ ಸ್ಕೂಟರ್ ತೆಗೆಯುತ್ತಿರಲಿಲ್ಲ. ಯಾರಾದರೂ ಫೋಟೊ ತೋರಿಸಿದರೆ 'ಚೆನ್ನಾಗಿದೆ' ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಇದೆಲ್ಲ ವಯಸ್ಸಿನ ಬೇಸರ ಅಂತ ಮನೆಯಲ್ಲಿ ಎಲ್ಲರ ಲೆಕ್ಕ ಆಗಿತ್ತು.

ಶಿವಮೊಗ್ಗದಲ್ಲಿ ತೋರಿಸಿದೆವು. ಬಲಗಣ್ಣಿನಲ್ಲಿ ಬಲಿತ ಪೊರೆ, ಎಡಗಣ್ಣಿನಲ್ಲಿ ಶುರುವಾಗಿದೆ. ಆಪರೇಷನ್ ಅಂದಕೂಡಲೇ ಅಪ್ಪಯ್ಯ ಒಲ್ಲೆ ಅಂದರು. ಅವರ ಕಣ್ಣ ಮುಂದಿದ್ದದ್ದು ನಮ್ಮ ಅಜ್ಜಿ. ಆ ಕಾಲದಲ್ಲಿ ಪೊರೆ ಬಂದ ಮಸೂರವನ್ನು ತೆಗೆದುಹಾಕುತ್ತಿದ್ದರು, ಬದಲಿಗೆ ಏನನ್ನೂ ಕೂರಿಸುತ್ತಿರಲಿಲ್ಲ. ಅಜ್ಜಿಗೆ ಕೊನೆಯವರೆಗೂ ಸೋಡಾ ಬಾಟಲಿ ತಳದಂಥ ಕನ್ನಡಕ, ಅದು ಜಾರಿದರೆ ಲೋಕವೇ ಇಲ್ಲ. ನಾನು ಒಂದು ರಾತ್ರಿ ಕೂತು ಅಪ್ಪಯ್ಯನಿಗೆ ಈಗ ಏನು ಮಾಡುತ್ತಾರೆ ಅಂತ ಹೇಳಿದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಿಟಕಿ ಒಡೆದು ಪೈಲಟ್‌ಗಳ ಕಣ್ಣೊಳಗೆ ಅಕ್ರಿಲಿಕ್ ಚೂರು ಹೊಕ್ಕಿದ್ದು, ಆ ಚೂರಿಗೆ ಕಣ್ಣು ತಕರಾರು ಮಾಡದ್ದನ್ನು ಹೆರಾಲ್ಡ್ ರಿಡ್ಲಿ ಎಂಬ ಇಂಗ್ಲಿಷ್ ವೈದ್ಯರು ಗಮನಿಸಿದ್ದು, ಅದೇ ವಸ್ತುವಿನಿಂದ ಲೆನ್ಸ್ ಮಾಡಿಸಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕಣ್ಣೊಳಗೆ ಕೂರಿಸಿದ್ದು. ಅಪ್ಪಯ್ಯ ಕತೆ ಕೇಳಿ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಎಂಎಂ ಅದು?"

ಗಾಜಿನ ಅಗಲ ಆರು ಮಿಲಿಮೀಟರ್ ಆಸುಪಾಸು ಅಂದೆ. ಅದಲ್ಲ, ಫೋಕಲ್ ಲೆಂತ್ ಅಂದರು. ಅದನ್ನು ಡಯಾಪ್ಟರಿನಲ್ಲಿ ಹೇಳುತ್ತಾರೆ, ಸಾಮಾನ್ಯವಾಗಿ 20ರ ಸುತ್ತಮುತ್ತ ಇರುತ್ತದೆ ಅಂದೆ. ಶಾಲೆಯಲ್ಲಿ ಕಲಿತ ಸೂತ್ರ ಹಾಕಿದರೆ 1000 ಭಾಗಿಸು 20, ಸರಿಯಾಗಿ 50 ಎಂಎಂ. ಕಣ್ಣೊಳಗೆ ಗಾಳಿ ಬದಲು ದ್ರವ ಇರುವುದರಿಂದ ಲೆಕ್ಕ ನಿಜಕ್ಕೂ ಅಷ್ಟು ಸರಳ ಅಲ್ಲ. ನಾನು ಅದನ್ನು ವಿವರಿಸಲು ಹೋದೆ, ಅವರಿಗೆ ಬೇಕಿರಲಿಲ್ಲ. "ಫಿಫ್ಟಿ ಎಂಎಂ ಹಾಕ್ತಾರಂತೆ ಕಣೇ" ಅಂತ ಒಳಗಿದ್ದ ಅಮ್ಮನಿಗೆ ಕೂಗಿ ಹೇಳಿದರು. ಅಲ್ಲಿಗೆ ಒಪ್ಪಿಗೆ ಸಿಕ್ಕಿದ ಹಾಗಾಯಿತು.

ಆಪರೇಷನ್ನಿಗೆ ಫೆಬ್ರವರಿಯಲ್ಲಿ ದಿನ ಸಿಕ್ಕಿತು. ಅದಕ್ಕೂ ಮೊದಲು ನಾನು ಇನ್ನೊಂದು ಲೆನ್ಸ್ ಕೊಂಡಿದ್ದೆ, ಸೂಪರ್ ಟಾಕುಮಾರ್ 50 ಎಂಎಂ ಎಫ್/1.4. ಇದೂ ಪೆಂಟಾಕ್ಸ್ ಕಂಪನಿಯದೇ, ಇನ್ನೂ ಹಳೇದು, ತಿರುಪಿನಂತೆ ತಿರುಗಿಸಿ ಕೂರಿಸುವ ಎಂ42 ಮೌಂಟಿನದು. ಈ ಲೆನ್ಸಿನ ಕೆಲವು ಆವೃತ್ತಿಗಳ ಗಾಜಿನಲ್ಲಿ ಥೋರಿಯಂ ಬೆರೆಸಿದ್ದರು. ಬೆಳಕನ್ನು ಹೆಚ್ಚು ಬಾಗಿಸುತ್ತದೆ ಅನ್ನೋ ಗುಣಕ್ಕೆ. ಆದರೆ ಥೋರಿಯಂ ವಿಕಿರಣ ಸೂಸುತ್ತ ಸೂಸುತ್ತ ದಶಕಗಳಲ್ಲಿ ಗಾಜೇ ಹಳದಿಯಾಗುತ್ತದೆ. ನನ್ನದಂತೂ ಡಿಕಾಕ್ಷನ್ ಬಣ್ಣ. ಡಿಜಿಟಲ್ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಬಣ್ಣವನ್ನೇನೋ ಸರಿ ಮಾಡುತ್ತದೆ, ಕಳೆದುಹೋದ ಬೆಳಕನ್ನು ತಂದುಕೊಡಲಾರದು. ಇದಕ್ಕೆ ಮದ್ದು ಅಲ್ಟ್ರಾವಯಲೆಟ್ ಬೆಳಕು. ಬಿಸಿಲಿನಲ್ಲಿ ದಿನಗಟ್ಟಲೆ ಇಟ್ಟರೆ ಹಳದಿ ಇಳಿಯುತ್ತ ಬರುತ್ತದೆ. (ಹಾಗೇ ತೆರೆದು ಇಡಬೇಡಿ, ಭೂತಗನ್ನಡಿಯ ಹಾಗೆ ಬೆಂಕಿ ಹಚ್ಚೀತು. ಒಂದು ಬದಿಯನ್ನು ಅಲ್ಯೂಮಿನಿಯಂ ಫಾಯಿಲಿನಲ್ಲಿ ಮುಚ್ಚಬೇಕು.)

ಸಾಗರದ ಮನೆಯ ತಾರಸಿಯ ಮೇಲೆ ಅಮ್ಮನ ಹಪ್ಪಳದ ಪಕ್ಕ ಟಾಕುಮಾರ್ ಒಣಗಲು ಕೂತಿತು. ಕಾಯುವ ಕೆಲಸ ಅಪ್ಪಯ್ಯನದು, ಹಪ್ಪಳಕ್ಕೆ ಕಾಗೆ ಬರದ ಹಾಗೆ, ಲೆನ್ಸಿಗೆ ಮಂಗ ಬರದ ಹಾಗೆ. ಹಳದಿ ಯಾಕೆ ಬಂತು ಅಂತ ಕೇಳಿದರು, ಹೇಳಿದೆ. ಕಣ್ಣಿನ ಮಸೂರವೂ ವಯಸ್ಸಾದಂತೆ ಹಳದಿಯಾಗುತ್ತದೆ, ನಿಧಾನವಾಗಿ ಆಗುವುದರಿಂದ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ ಅಂತಲೂ ಹೇಳಿದೆ. "ಹಂಗಾರೆ ನನ್ನೂ ಹಪ್ಳದ ಪಕ್ಕ ಮಲಗ್ಸಿ ಬಿಡು, ಆಸ್ಪತ್ರೆ ಖರ್ಚು ಉಳೀತದೆ" ಅಂದರು. ಮೂರು ವಾರಕ್ಕೆ ಡಿಕಾಕ್ಷನ್ ಹೋಗಿ ನಿಂಬೆ ಶರಬತ್ತಿನ ಬಣ್ಣಕ್ಕೆ ಬಂತು ಲೆನ್ಸು. ಅಪ್ಪಯ್ಯನ ದಿನವೂ ಬಂತು.

ಬೆಳಿಗ್ಗೆ ಹೋದವರು ಸಂಜೆಗೆ ಮನೆಯಲ್ಲಿದ್ದೆವು. ಮರುದಿನ ಪಟ್ಟಿ ಬಿಚ್ಚಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಒಂದೊಂದೇ ಕಣ್ಣು ಮುಚ್ಚಿ ಗೋಡೆ ನೋಡಿದ್ದು. ಬಲಗಣ್ಣಿಗೆ ಗೋಡೆ ಬಿಳಿ, ನೀಲಿ ಹೊಡೆಯುವಷ್ಟು ಬಿಳಿ. ಎಡಗಣ್ಣಿಗೆ ಹಳೇ ಪಂಚೆ. ಆಮೇಲೆ ಅಮ್ಮನ ಸೀರೆ. ಎಡಗಣ್ಣಿಗೆ ಹಸಿರು ಕಾಣುತ್ತಿದ್ದುದು ಬಲಗಣ್ಣಿಗೆ ನೀಲಿ. "ಇದು ನೀಲಿನಾ?" ಅಂದರು. "ತಗೊಂಡ ದಿನದಿಂದ ನೀಲಿ ಅಂತ್ಲೇ ಹೇಳ್ತಾ ಇದೀನಿ, ನೀವು ಹಸಿರು ಅಂತ ವಾದ ಮಾಡಿದ್ದು" ಅಂತ ಅಮ್ಮ. ಎರಡು ಕಣ್ಣಿಗೆ ಎರಡು ವೈಟ್ ಬ್ಯಾಲೆನ್ಸ್. ಮಧ್ಯಾಹ್ನವಿಡೀ ಮನೆಯ ಸಾಮಾನನ್ನೆಲ್ಲ ಹೀಗೆ ಪರೀಕ್ಷೆ ಮಾಡಿದರು. ಹಾಲಿನ ಪಾತ್ರೆ, ಕ್ಯಾಲೆಂಡರು, ನನ್ನ ಮುಖ. ನನ್ನ ಮುಖ ನೋಡಿ, "ಕಣ್ಣ ಕೆಳಗೆ ಇಷ್ಟು ಕಪ್ಪು ಯಾವಾಗ ಆಯ್ತೋ?" ಅಂದರು. ಆ ಶುಕ್ರವಾರದ ವಿಷಯ ಮನೆಯಲ್ಲಿ ಹೇಳಿರಲಿಲ್ಲ ನಾನು. ಅವತ್ತು ಹೇಳಿದೆ.

ಹಾಕಿರೋದು ಮೊನೊಫೋಕಲ್ ಲೆನ್ಸು. ನಮ್ಮ ಹುಟ್ಟಿನ ಮಸೂರ ಉಬ್ಬಿ ಚಪ್ಪಟೆಯಾಗಿ ಹತ್ತಿರ ದೂರ ಎರಡನ್ನೂ ಹಿಡಿಯುತ್ತದಲ್ಲ, ಇದಕ್ಕೆ ಆ ವಿದ್ಯೆ ಇಲ್ಲ. ದೂರಕ್ಕೆ ನಿಲ್ಲಿಸಿಬಿಟ್ಟಿದ್ದಾರೆ, ಓದಲು ಕನ್ನಡಕ ಬೇಕೇ ಬೇಕು. ಆಸ್ಪತ್ರೆಯವರು ಕೊಟ್ಟ ಕಾರ್ಡಿನಲ್ಲಿ 21.0 ಡಿ ಅಂತ ಬರೆದಿದೆ. ಅಪ್ಪಯ್ಯ ಅದನ್ನು ಪರ್ಸಿನಲ್ಲಿಟ್ಟುಕೊಂಡು ಕೇಳಿದವರಿಗೆ, ಕೇಳದವರಿಗೆ ತೋರಿಸುತ್ತಾರೆ. "ಪ್ರೈಮ್ ಲೆನ್ಸ್. ಆಟೋಫೋಕಸ್ ಇಲ್ಲ."

ವ್ಯೂಫೈಂಡರಿನ ಪಕ್ಕದ ಡಯಾಪ್ಟರ್ ಚಕ್ರವನ್ನು ಈಗ ಅವರ ಕಣ್ಣಿಗೆ ಹೊಂದಿಸಿ ಬಿಟ್ಟಿದ್ದೇನೆ. ಪೀಕಿಂಗ್ ಆಫ್. ಚಿತ್ರ ನೋಡಿಯೇ ತಿರುಗಿಸುತ್ತಾರೆ, ನನಗಿಂತ ಬೇಗ. ಕೆ1000ದ ನೋಟದ ಮಧ್ಯೆ ಮೈಕ್ರೊಪ್ರಿಸಂ ಅಂತ ಒಂದು ವೃತ್ತ ಇತ್ತು, ಫೋಕಸ್ ತಪ್ಪಿದರೆ ಅದು ಮಿಣಮಿಣ ಅನ್ನುತ್ತದೆ, ಕೂತರೆ ಶಾಂತವಾಗುತ್ತದೆ. ಇಲ್ಲಿ ಅದಿಲ್ಲವಲ್ಲ ಅಂತ ಒಂದೇ ದೂರು. ಬೀರುವಿನ ತಳದಿಂದ ಅವರದೇ ಇನ್ನೊಂದು ಲೆನ್ಸ್ ಹೊರಬಂದಿದೆ, 28 ಎಂಎಂ. ಜಾತ್ರೆಯಲ್ಲಿ ಇದನ್ನು ಎಫ್/8ಕ್ಕಿಟ್ಟು ಹತ್ತು ಹನ್ನೊಂದು ಅಡಿಗೆ ಫೋಕಸ್ ನಿಲ್ಲಿಸಿ ಆಮೇಲೆ ರಿಂಗ್ ಮುಟ್ಟುತ್ತಲೇ ಇರಲಿಲ್ಲವಂತೆ. ಐದಡಿ ಮುಂದಿನ ಮಗುವಿನಿಂದ ಹಿಡಿದು ಹಿಂದಿನ ತೇರಿನವರೆಗೆ ಎಲ್ಲ ಸ್ಪಷ್ಟ. ನನ್ನ ಚಿಕ್ಕ ಸೆನ್ಸರಿಗೆ ಲೆಕ್ಕ ಹಾಕಿದೆ. ಇಲ್ಲಿ ಐದು ಮೀಟರಿಗೆ ನಿಲ್ಲಿಸಬೇಕು, ಎರಡೂವರೆ ಮೀಟರಿನಿಂದ ಆಚೆಗೆಲ್ಲ ಬರುತ್ತದೆ. ಸಂತೆ ಬೀದಿಯಲ್ಲಿ ಇದಕ್ಕಿಂತ ವೇಗದ ಆಟೋಫೋಕಸ್ ಯಾವುದೂ ಇಲ್ಲ, ಫೋಕಸ್ ಮಾಡುವುದೇ ಬೇಕಿಲ್ಲವಲ್ಲ.

ಇದನ್ನೆಲ್ಲ ಓದಿ ಎಲ್ಲರೂ ಹಳೇ ಲೆನ್ಸಿನ ಹಿಂದೆ ಬೀಳಿ ಅಂತ ನಾನು ಹೇಳಲಾರೆ. ಓಡಾಡುವ ಮಕ್ಕಳಿದ್ದರೆ, ದುಡ್ಡು ತಗೊಂಡು ಮದುವೆ ತೆಗೆಯುವವರಾದರೆ ಆಟೋಫೋಕಸ್ ಇಟ್ಟುಕೊಳ್ಳಿ. ರೀಲ್ಸ್ ನೋಡಿ ಸುಳಿಸುಳಿಯಾದ ಹಿನ್ನೆಲೆ ಬೇಕು ಅಂತ ಹೀಲಿಯೊಸ್ 44-2 ಹುಡುಕುವವರು ಸುಮಾರು ಜನ. ಸೋವಿಯತ್ ಕಾಲದ ಒಳ್ಳೆಯ ಲೆನ್ಸೇ ಅದು, ಆದರೆ ಆ ಸುಳಿ ಎರಡು ವಾರಕ್ಕೆ ಸಾಕಾಗುತ್ತದೆ. ನನ್ನನ್ನು ಕೇಳಿದರೆ ಮೊದಲು ಮನೆಯ ಬೀರು, ಅತ್ತೆ ಮಾವಂದಿರ ಅಟ್ಟ ನೋಡಿ. ಯಾವ ಕಂಪನಿಯದಾದರೂ ಸರಿ, ಒಂದು 50 ಎಂಎಂ ಸಿಗುತ್ತದೆ.

ಒಂದು ತಾಪತ್ರಯ ಉಳಿದಿದೆ. ಲೆನ್ಸಿನಲ್ಲಿ ಚಿಪ್ ಇಲ್ಲದ್ದರಿಂದ ಫೋಟೊದ ಮಾಹಿತಿಯಲ್ಲಿ ಅಪರ್ಚರ್ ಎಷ್ಟಿತ್ತು ಅಂತ ದಾಖಲಾಗುವುದಿಲ್ಲ. ಅಪ್ಪಯ್ಯ ಇದಕ್ಕೆ ಸ್ಟುಡಿಯೊದ ಉಳಿದ ರಸೀದಿ ಪುಸ್ತಕ ತೆಗೆದಿದ್ದಾರೆ. ಗಿರಾಕಿಯ ಹೆಸರಿನ ಜಾಗದಲ್ಲಿ 'ಇಕ್ಕೇರಿ ದೇವಸ್ಥಾನ' ಅಥವಾ 'ಇವಳು, ಹಿತ್ತಿಲು', ಮೊತ್ತದ ಜಾಗದಲ್ಲಿ 5.6. ಕ್ಯಾಮೆರಾ ಈಗ ಹದಿನೈದು ದಿನ ಸಾಗರದಲ್ಲಿ, ಹದಿನೈದು ದಿನ ಬೆಂಗಳೂರಿನಲ್ಲಿ. ಎಡಗಣ್ಣಿಗೆ ಮಳೆಗಾಲ ಮುಗಿದ ಮೇಲೆ ಬನ್ನಿ ಅಂದಿದ್ದಾರೆ ಡಾಕ್ಟರು. ಮೊನ್ನೆ ಫೋನ್ ಮಾಡಿದ್ದರು. ರಸೀದಿ ಪುಸ್ತಕದಲ್ಲಿ ಹನ್ನೆರಡೇ ಹಾಳೆ ಉಳಿದಿದೆಯಂತೆ, ಬರುವಾಗ ಚಿಕ್ಕಪೇಟೆ ಕಡೆಯಿಂದ ಅದೇ ಅಳತೆಯ ಇನ್ನೊಂದು ತರಬೇಕಂತೆ. ಕಾರ್ಬನ್ ಹಾಳೆಯನ್ನೂ ಸೇರಿಸಿ.